ಹೊಸ ಪಿಸ್ತೂಲು ಸಿಕ್ಕಿಕೊಂಡರೆ ಬಿಡಿಸುವ ಮೊದಲು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 58. ಅಪ್ಪನ ಕಾಲದ ಒಂಟಿ ನಳಿಗೆಯ ತೋಟೆ ಕೋವಿ ಬಳಸಿ ರೂಢಿ ಇದೆ. ಮೂರು ತಿಂಗಳ ಹಿಂದೆ ಲೈಸೆನ್ಸ್ ಮೇಲೆ ಹೊಸ .32 ಪಿಸ್ತೂಲು ತಗೊಂಡೆ. ತೋಟೆ ತುಂಬಿ ಹಿಡಿಯೊಳಗೆ ಹಾಕುವ ಡಬ್ಬಿ, ಅಂದರೆ ಮ್ಯಾಗಜಿನ್, ಎರಡು ಜೊತೆಗೆ ಬಂದಿವೆ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ರೇಂಜಿನಲ್ಲಿ 40 ಈಡು ಹೊಡೆದೆ. ಏಳು ಸಲ ಕೈಕೊಟ್ಟಿತು. ನಾಲ್ಕು ಸಲ ಖಾಲಿ ತೋಟೆ ಹೊರಗೆ ಹಾರದೆ ಸ್ಲೈಡಿನ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಬಾಯಲ್ಲಿ ನೆಟ್ಟಗೆ ನಿಂತಿತ್ತು. ಎರಡು ಸಲ ಹೊಸ ತೋಟೆ ಒಳಗೆ ಹೋಗದೆ ಮೂತಿ ಕೊಟ್ಟು ನಿಂತಿತು. ಒಂದು ಸಲ ಬರೀ ಕ್ಲಿಕ್ ಅಂತು, ಈಡು ಹಾರಲಿಲ್ಲ. ತಕ್ಷಣ ಸ್ಲೈಡ್ ಎಳೆದು ಆ ತೋಟೆ ತೆಗೆದೆ, ಜೇಬಿಗೆ ಹಾಕಿಕೊಂಡು ಮನೆಗೆ ತಂದೆ. ಅದರ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಚಿಕ್ಕ ಚುಕ್ಕಿ ಮಾತ್ರ ಬಿದ್ದಿದೆ. ತುಕ್ಕು ಹಿಡಿಯದಿರಲಿ ಅಂತ ಭಾವ ಹೇಳಿದ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ತೋಟೆಗಳನ್ನು ಥಂಡಿ ಆಗದಂತೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ತೋಟೆ ಹತ್ತುವ ಒಳಗಿನ ಇಳಿಜಾರನ್ನು ಎಮರಿ ಪೇಪರಿನಲ್ಲಿ ಉಜ್ಜಿ ಅಂತ ಒಬ್ಬರು, ಸ್ಲೈಡಿನ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಪಿಸ್ತೂಲೇ ಕೆಟ್ಟದ್ದು ಬಂದಿದೆಯಾ? ಏನು ಮಾಡಲಿ?

ಉತ್ತರ: ಮೊದಲು ಅಟ್ಟದಿಂದ ತೋಟೆ ಇಳಿಸಿ. ಇದನ್ನು ಓದಿ ಮುಗಿಸುವ ಮೊದಲೇ ಇಳಿಸಿದರೂ ಸರಿ. ಒಲೆಯ ಮೇಲಿನ ಅಟ್ಟ ಒಣ ಮೆಣಸಿನಕಾಯಿಗೆ, ವಾಟೆಹುಳಿಗೆ ಒಳ್ಳೆಯ ಜಾಗ. ಮದ್ದು ತುಂಬಿದ ತೋಟೆಗೆ ಅಲ್ಲ. ದಿನಾ ಬಿಸಿಯಾಗಿ ರಾತ್ರಿ ತಣ್ಣಗಾದರೆ ಒಳಗಿನ ಮದ್ದು ಬೇಗ ಹಾಳಾಗುತ್ತದೆ. ಕೆಳಗೆ ಬೆಂಕಿ ಇದೆ ಅನ್ನುವುದನ್ನಂತೂ ನಾನು ಹೇಳಬೇಕಾಗಿಲ್ಲ. ಮಲಗುವ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೀಗ ಹಾಕಿ. ಪಿಸ್ತೂಲು ಬೇರೆ ಕಡೆ ಇರಲಿ.

ಎರಡನೆಯದು, ಎಮರಿ ಪೇಪರ್ ಮುಟ್ಟಬೇಡಿ, ಸ್ಪ್ರಿಂಗ್ ಕತ್ತರಿಸಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಈಗ ಪಿಸ್ತೂಲಿಗೆ ಬರೋಣ. ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು, ಆಗಿದ್ದವನು. ನಿವೃತ್ತಿ ಆದ ಮೇಲೆ ಶಿವಮೊಗ್ಗದಲ್ಲಿ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ರಿಪೇರಿ ಕೆಲಸ ನೋಡುತ್ತಿದ್ದೇನೆ. ಹೊಸ ಪಿಸ್ತೂಲು ಕೈಕೊಡುತ್ತದೆ ಅಂತ ಬರುವವರಲ್ಲಿ ಹೆಚ್ಚಿನವರ ಪಿಸ್ತೂಲು ಸರಿಯಾಗಿಯೇ ಇರುತ್ತದೆ. ನಿಮ್ಮ ತೋಟೆ ಕೋವಿಯಲ್ಲಿ ತೋಟೆ ಹಾಕುವುದು, ಮುಚ್ಚುವುದು, ಖಾಲಿ ತೆಗೆಯುವುದು ಎಲ್ಲಾ ನಿಮ್ಮ ಕೈ ಮಾಡುತ್ತಿತ್ತು. ಪಿಸ್ತೂಲಿನಲ್ಲಿ ಆ ಕೆಲಸವನ್ನೆಲ್ಲ ಹಾರಿದ ಈಡಿನ ಬಲವೇ ಮಾಡಬೇಕು. ಆ ಬಲ ಎಷ್ಟು ಅನ್ನುವುದು ತೋಟೆಯ ಮೇಲೆ ನಿಂತಿದೆ. ಅದು ಎಲ್ಲಿ ಪೋಲಾಗುತ್ತದೆ ಅನ್ನುವುದು ಎಣ್ಣೆ ಮತ್ತು ನಿಮ್ಮ ಕೈಯ ಮೇಲೆ. ಮುಂದಿನ ತೋಟೆ ಸರಿಯಾದ ಜಾಗದಲ್ಲಿ ಕಾಯುತ್ತಿದೆಯಾ ಅನ್ನುವುದು ಮ್ಯಾಗಜಿನ್ ಮೇಲೆ. ಹಾಗಾಗಿ ನಾನು ಪಿಸ್ತೂಲನ್ನು ಕೊನೆಗೆ ಅನುಮಾನಿಸುತ್ತೇನೆ.

ನೀವು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟವಾಯಿತು. ಏಳು ಸಲದಲ್ಲಿ ಯಾವುದು ಎಷ್ಟು ಸಲ ಅಂತ ಬೇರೆ ಬೇರೆ ಬರೆದಿದ್ದೀರಿ. ಜಾಮ್ ಆಯ್ತು ಅಂತ ಮಾತ್ರ ಹೇಳಿದರೆ ಯಾರೂ ಏನೂ ಹೇಳಲಾರರು. ಖಾಲಿ ತೋಟೆ ಎಲ್ಲಿ ನಿಂತಿದೆ, ಹೊಸ ತೋಟೆ ಎತ್ತ ಮುಖ ಮಾಡಿದೆ ಅನ್ನುವುದರಲ್ಲೇ ಕಾರಣ ಇರುತ್ತದೆ. ಗಾಬರಿಯಲ್ಲಿ ಸ್ಲೈಡ್ ಎಳೆದು ಬಿಡಿಸಿಬಿಟ್ಟರೆ ಅದೆಲ್ಲ ಅಳಿಸಿ ಹೋಗುತ್ತದೆ. ಮುಂದಿನ ಸಲ ಸಿಕ್ಕಿಕೊಂಡಾಗ ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ ಬರಲಿ. ರೇಂಜಿನ ಅಧಿಕಾರಿಗೆ ಹೇಳಿ, ಪಕ್ಕದಿಂದ ಒಂದು ಫೋಟೋ ತೆಗೆಸಿ. ಆಮೇಲೆ ಬಿಡಿಸಿ.

ನೆಟ್ಟಗೆ ನಿಂತ ಖಾಲಿ ತೋಟೆಯಿಂದ ಶುರು ಮಾಡೋಣ, ನಿಮಗೆ ಜಾಸ್ತಿ ಕಾಡಿದ್ದು ಅದೇ. ನಿಮ್ಮಂಥ .32 ಪಿಸ್ತೂಲುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಲೈಡಿಗೂ ನಳಿಗೆಗೂ ಚಿಲಕ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಅದನ್ನು ಮುಚ್ಚಿ ಹಿಡಿದಿರುತ್ತವೆ. ಈಡು ಹಾರಿದಾಗ ಖಾಲಿ ತೋಟೆಯೇ ಹಿಂದಕ್ಕೆ ಒದ್ದು ಸ್ಲೈಡನ್ನು ತಳ್ಳುತ್ತದೆ. ಎಕ್ಸ್‌ಟ್ರಾಕ್ಟರ್ ಅನ್ನುವ ಪುಟ್ಟ ಕೊಕ್ಕೆ ಆ ಖಾಲಿಯನ್ನು ಸ್ಲೈಡಿನ ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ಸ್ಲೈಡ್ ಹಿಂದೆ ಹೋಗುವಾಗ ಎಜೆಕ್ಟರ್ ಅನ್ನುವ ಮೊಳೆಯಂಥ ತುಂಡಿಗೆ ಖಾಲಿ ಬಡಿದು ಹೊರಗೆ ಹಾರುತ್ತದೆ. ಸ್ಲೈಡ್ ಜೋರಾಗಿ, ಪೂರ್ತಿ ಹಿಂದಕ್ಕೆ ಹೋದರೆ ಮಾತ್ರ ಖಾಲಿ ಪಕ್ಕಕ್ಕೆ ಚಿಮ್ಮುತ್ತದೆ. ನಿಧಾನವಾಗಿ ಹೋದರೆ ಅಥವಾ ಅರ್ಧಕ್ಕೇ ತಿರುಗಿ ಬಂದರೆ ಖಾಲಿ ಇನ್ನೂ ಬಾಗಿಲಲ್ಲೇ ಇರುವಾಗ ಸ್ಲೈಡ್ ಬಂದು ಕಚ್ಚುತ್ತದೆ.

ಅಂದರೆ ಸ್ಲೈಡನ್ನು ಏನೋ ತಡೆಯುತ್ತಿದೆ. ನಿಮ್ಮ ಪತ್ರದಲ್ಲೇ ಅದು ಇದೆ: ಕೊಬ್ಬರಿ ಎಣ್ಣೆ, ಡಿಸೆಂಬರ್, ಬೆಳಿಗ್ಗೆ. ಧನುರ್ಮಾಸದಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ. ಒಂದು ತೊಟ್ಟೂ ಬೀಳುವುದಿಲ್ಲ ಅಲ್ವಾ? ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆ ತಿಂಗಳ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬಾಟಲಿಯಲ್ಲಿ ಆದದ್ದೇ ನಿಮ್ಮ ಸ್ಲೈಡ್ ಓಡುವ ಹಳಿಗಳ ಸಂದಿಯಲ್ಲಿ ಆಗಿದೆ. ಬೇಸಿಗೆಯಲ್ಲಿ ಇದೇ ಎಣ್ಣೆ ಗಾಳಿ ತಾಗಿ, ಧೂಳು ಹಿಡಿದು ಅಂಟಾಗುತ್ತದೆ. ಕೇಪಿನ ಕೋವಿಯ ನಳಿಗೆಗೆ ಹೊರಗಿನಿಂದ ಹಚ್ಚಲು ನಮ್ಮ ಹಿರಿಯರಿಗೆ ಅದು ನಡೆಯುತ್ತಿತ್ತು, ಅಲ್ಲಿ ಓಡಾಡುವ ಭಾಗ ಇರಲಿಲ್ಲ. ಭಾವನವರ ಕಾಳಜಿ ಒಳ್ಳೆಯದೇ, ಎಣ್ಣೆ ಮಾತ್ರ ಇದಕ್ಕಲ್ಲ.

ಅದರ ಮೇಲೆ ಹೊಸ ಪಿಸ್ತೂಲಿಗೆ ಪ್ಯಾಕಿಂಗ್ ಗ್ರೀಸ್ ಬೇರೆ ಇರುತ್ತದೆ. ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ದಪ್ಪಗೆ ಬಳಿದಿರುತ್ತಾರೆ. ಅದು ಓಡಿಸುವ ಎಣ್ಣೆ ಅಲ್ಲ. ಹೊರಗೆ ಒರೆಸಿದರೆ ಹೋಯಿತು ಅಂತ ಅನ್ನಿಸುತ್ತದೆ, ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಹಾಗೇ ಉಳಿದಿರುತ್ತದೆ. ಅಲ್ಲಿ ಉಳಿದರೆ ಕೊಕ್ಕೆ ಬಿಗಿಯಾಗಿ ಹಿಡಿಯುವುದಿಲ್ಲ.

ಹೀಗೆ ಮಾಡಿ. ಮ್ಯಾಗಜಿನ್ ತೆಗೆಯಿರಿ. ಸ್ಲೈಡ್ ಹಿಂದಕ್ಕೆ ಎಳೆದು ಹಿಡಿದು, ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದ, ಒಳಗೆ ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ನೀವು ಕೂತ ಕೋಣೆಯಲ್ಲಿ ಒಂದೂ ತೋಟೆ ಇರಬಾರದು. ಕೈಪಿಡಿಯಲ್ಲಿ ಎಷ್ಟು ಬಿಚ್ಚಬಹುದು ಅಂತ ತೋರಿಸಿದ್ದಾರೋ ಅಷ್ಟೇ ಬಿಚ್ಚಿ. ಅಂಗಡಿಯಲ್ಲಿ ಸಿಗುವ ಕೋವಿ ಕ್ಲೀನಿಂಗ್ ದ್ರಾವಣದಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಹಳಿ, ಸ್ಲೈಡಿನ ಮುಖ, ಕೊಕ್ಕೆಯ ಸಂದಿ ಉಜ್ಜಿ. ಮಾಸಿದ ಬಿಳಿ ಪಂಚೆಯ ತುಂಡಿನಿಂದ ಒರೆಸಿ, ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವ ತನಕ. ಆಮೇಲೆ ಗನ್ ಆಯಿಲ್. ಎರಡೂ ಹಳಿಗೆ ಒಂದೊಂದು ತೊಟ್ಟು, ನಳಿಗೆಯ ಹೊರಮೈಗೆ ಒಂದು ತೊಟ್ಟು ಬೆರಳಲ್ಲಿ ಸವರಿದರೆ ಸಾಕು. ಗನ್ ಆಯಿಲ್ ಸಿಗದಿದ್ದರೆ ತೆಳುವಾದ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಚೇಂಬರ್ ಒಳಗೆ, ಮ್ಯಾಗಜಿನ್ ಒಳಗೆ, ತೋಟೆಯ ಮೇಲೆ ಎಣ್ಣೆ ಬೇಡವೇ ಬೇಡ. ತೋಟೆಗೆ ಹಚ್ಚಿದ ಎಣ್ಣೆ ಕೇಪಿನ ಅಂಚಿನಿಂದ ಒಳಗೆ ಇಳಿದು ಅದನ್ನು ಸಾಯಿಸಬಹುದು.

ನಾಲ್ಕು ಸಲ ಖಾಲಿ ನಿಲ್ಲಲು ಇನ್ನೊಂದು ಕಾರಣ ನಿಮ್ಮ ಕೈ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಭುಜಕ್ಕೆ ಒತ್ತಿ ಹೊಡೆಯುವ ಕೋವಿಗೆ ಒದೆತ ತಗೊಳ್ಳಲು ಇಡೀ ಮೈ ಇತ್ತು. ಪಿಸ್ತೂಲಿಗೆ ಮಣಿಕಟ್ಟು ಮಾತ್ರ. ಸ್ಲೈಡ್ ಹಿಂದೆ ಹೋಗುವಾಗ ಮಣಿಕಟ್ಟು ಸಡಿಲವಾಗಿ ಅದರ ಜೊತೆಗೇ ಹಿಂದೆ ಹೋದರೆ ಆ ಬಲ ಅಲ್ಲೇ ಮುಗಿದು ಹೋಗುತ್ತದೆ, ಸ್ಲೈಡ್ ಪೂರ್ತಿ ಓಡುವುದಿಲ್ಲ. ಹಿಡಿಯನ್ನು ಆದಷ್ಟು ಮೇಲೆ ಹಿಡಿಯಿರಿ. ಎರಡೂ ಕೈ ಬಳಸಿ. ಮಣಿಕಟ್ಟು ಬಿಗಿ ಇರಲಿ. ಹೆಬ್ಬೆರಳು ಸ್ಲೈಡಿಗೆ ತಾಗುತ್ತಿದೆಯಾ ನೋಡಿಕೊಳ್ಳಿ, ತಾಗಿದರೆ ಅದೇ ಬ್ರೇಕ್ ಹಾಕಿದ ಹಾಗೆ. ಪರೀಕ್ಷೆ ಸುಲಭ: ಅದೇ ಪಿಸ್ತೂಲು, ಅದೇ ಮ್ಯಾಗಜಿನ್, ಅದೇ ತೋಟೆಯಲ್ಲಿ ರೇಂಜಿನ ತರಬೇತುದಾರರು ನಿಮ್ಮ ಎದುರೇ ಒಂದು ಮ್ಯಾಗಜಿನ್ ಹೊಡೆಯಲಿ. ಅವರಿಗೆ ಸರಿಯಾಗಿ ಓಡಿ ನಿಮಗೆ ಸಿಕ್ಕಿಕೊಂಡರೆ ಉತ್ತರ ಸಿಕ್ಕಿತು. ನಾಲ್ಕು ದಿನದ ಅಭ್ಯಾಸದಲ್ಲಿ ಸರಿಹೋಗುತ್ತದೆ.

ಇನ್ನು ಮೂತಿ ಕೊಟ್ಟು ನಿಂತ ತೋಟೆ. ಇದಕ್ಕೆ .32ರ ಒಂದು ಹುಟ್ಟುಗುಣ ಗೊತ್ತಿರಬೇಕು. 7.65 ಎಂಎಂ ಅಂತಲೂ ಕರೆಯುವ ಈ ತೋಟೆ ಬಂದದ್ದು 1899ರಲ್ಲಿ, ರೂಪಿಸಿದವರು ಜಾನ್ ಬ್ರೌನಿಂಗ್. ಒಂದು ತೋಟೆಯನ್ನು ಅಂಗೈಯಲ್ಲಿ ಮಲಗಿಸಿ, ಬುಡವನ್ನು ಉಗುರಿನಿಂದ ಸವರಿ ನೋಡಿ. ಉಗುರು ಒಂದು ಸಣ್ಣ ಮೆಟ್ಟಿಲಿಗೆ ಸಿಕ್ಕುತ್ತದೆ. ಮೈ ಸುಮಾರು 8.5 ಎಂಎಂ ದಪ್ಪ, ಬುಡದ ಅಂಚು ಸುಮಾರು 9.1. ಅಂಚು ಮೈಗಿಂತ ಅರ್ಧ ಎಂಎಂ ಚಿಲ್ಲರೆ ಅಷ್ಟೇ ಅಗಲ. ಚೇಂಬರಿನಲ್ಲಿ ತೋಟೆ ಎಷ್ಟು ಒಳಗೆ ಹೋಗಬೇಕು ಅನ್ನುವುದನ್ನು ಆ ಅಂಚೇ ತಡೆದು ನಿಲ್ಲಿಸುತ್ತದೆ. ಆದರೆ ಮ್ಯಾಗಜಿನ್ ಒಳಗೆ ಅದೇ ಅಂಚು ತೊಂದರೆ ಕೊಡಬಹುದು. ಮೇಲಿನ ತೋಟೆಯ ಅಂಚು ಯಾವಾಗಲೂ ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಜಾರಿದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಬಂದು ಎಷ್ಟು ತಳ್ಳಿದರೂ ಮೇಲಿನದು ಹೊರಡುವುದಿಲ್ಲ, ಮೂತಿ ತಗ್ಗಿಸಿ ನಿಂತುಬಿಡುತ್ತದೆ.

ಇದನ್ನು ಗುರುತಿಸುವುದು ಹೇಗೆ? ಸಿಕ್ಕಿಕೊಂಡಾಗ ಮ್ಯಾಗಜಿನ್ ತೆಗೆದು, ಮೇಲಿನ ತೋಟೆಯ ಮೂತಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗಿನ ಹಾಗೆ ಕೆಳಗೆ ಹೋಗಿ ಮೇಲೆ ಬಂದರೆ ಸರಿ. ಕಲ್ಲಿನ ಹಾಗೆ ಗಟ್ಟಿ ಕೂತಿದ್ದರೆ ಅಂಚು ಸಿಕ್ಕಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತೆಳುವಾದ ಮರದ ಕಡ್ಡಿಯಿಂದ ಕೆಳಗಿನ ತೋಟೆಯನ್ನು ತಗ್ಗಿಸಿ ಹಿಡಿದು, ಮೇಲಿನದನ್ನು ಮುಂದಕ್ಕೆ ಜಾರಿಸಿ. ತುಂಬುವಾಗಲೇ ಗಮನ ಕೊಟ್ಟರೆ ಇದು ಆಗುವುದೇ ಕಡಿಮೆ: ಕೆಳಗಿನದನ್ನು ಒತ್ತಿ, ಹೊಸದನ್ನು ಅದರ ಅಂಚಿನ ಮುಂದಿನಿಂದ ಜಾರಿಸಿ, ಹಿಂದಿನ ಗೋಡೆಗೆ ತಾಗುವ ತನಕ ತಳ್ಳಿ. ಮ್ಯಾಗಜಿನ್ ಸ್ಪ್ರಿಂಗ್ ಹೊಸದರಲ್ಲಿ ತುಂಬಾ ಬಿಗಿ ಇರುತ್ತದೆ. ಸದ್ಯಕ್ಕೆ ಪೂರ್ತಿ ತುಂಬದೆ ಒಂದು ಕಡಿಮೆ ಹಾಕಿ.

ಎರಡೂ ಮ್ಯಾಗಜಿನ್‌ಗಳ ಬುಡದಲ್ಲಿ ಬಣ್ಣದಿಂದ 1, 2 ಅಂತ ಬರೆಯಿರಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ನೋಟುಬುಕ್ಕಿನಲ್ಲಿ ಪ್ರತಿ ಸಲ ಸಿಕ್ಕಿಕೊಂಡಾಗಲೂ ಯಾವ ಮ್ಯಾಗಜಿನ್, ಎಷ್ಟನೇ ಈಡು ಅಂತ ಬರೆದಿಡಿ. ಎಲ್ಲಾ ತಕರಾರೂ 2ನೇ ನಂಬರಿನಲ್ಲೇ ಬಂದರೆ ಪಿಸ್ತೂಲನ್ನು ಬಯ್ಯುವ ಹಾಗಿಲ್ಲ. ತೋಟೆಯನ್ನು ಹಿಡಿದಿರುವ ಮೇಲಿನ ಎರಡು ತುಟಿಗಳಲ್ಲಿ ಒಂದು ಸ್ವಲ್ಪ ಬಾಗಿದ್ದರೂ ಸಾಕು, ತೋಟೆ ವಾರೆಯಾಗುತ್ತದೆ. ಇಕ್ಕಳದಲ್ಲಿ ಸರಿ ಮಾಡಲು ಹೋಗಬೇಡಿ, ಅಂಗಡಿಯಲ್ಲಿ ಬದಲಾಯಿಸಿ.

ನಿಮ್ಮ ಕೈಯ ಹಳೆ ಅಭ್ಯಾಸದ ಬಗ್ಗೆ ಇನ್ನೊಂದು ಮಾತು. ತೋಟೆ ಕೋವಿಯನ್ನು ನಾವು ನಯವಾಗಿ ಮುಚ್ಚುತ್ತೇವೆ, ಅದೇ ಅದಕ್ಕೆ ಮರ್ಯಾದೆ. ಪಿಸ್ತೂಲಿನ ಸ್ಲೈಡನ್ನು ಹಾಗೆ ಕೈ ಹಿಡಿದು ಮೆಲ್ಲಗೆ ಬಿಟ್ಟರೆ ತೋಟೆ ಪೂರ್ತಿ ಒಳಗೆ ಕೂರುವುದಿಲ್ಲ. ಪೂರ್ತಿ ಹಿಂದಕ್ಕೆ ಎಳೆದು ಸುಮ್ನೆ ಬಿಟ್ಟುಬಿಡಿ, ಅದರ ಸ್ಪ್ರಿಂಗೇ ಕೂರಿಸಲಿ.

ಅಂದ ಹಾಗೆ, ನಿಮ್ಮ ಕಡೆ ಯಾರ ಬಳಿಯಾದರೂ .32 ರಿವಾಲ್ವರ್ ಇದ್ದರೆ ಅದರ ತೋಟೆಯನ್ನು ಇದಕ್ಕೆ ಪ್ರಯತ್ನಿಸಬೇಡಿ. ಹೆಸರು ಒಂದೇ, ತೋಟೆ ಬೇರೆ. ಅದು ಉದ್ದ, ಬುಡದ ಅಂಚೂ ಅಗಲ. ಇನ್ನೊಬ್ಬರ ಲೈಸೆನ್ಸಿನ ತೋಟೆ ಇಸಿದುಕೊಳ್ಳುವುದು ಕಾನೂನಿಗೂ ಸರಿಯಲ್ಲ.

ಈಗ ಆ ಕ್ಲಿಕ್. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ ಸಾಲು. ಕ್ಲಿಕ್ ಅಂದ ತಕ್ಷಣ ಸ್ಲೈಡ್ ಎಳೆದಿದ್ದೀರಿ. ಕೇಪು ಸಿಡಿದೂ ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಆಗುತ್ತದೆ. ಚೇಂಬರ್ ಒಳಗಿದ್ದರೆ ಗುಂಡು ಗುರಿಯ ಕಡೆ ಹೋಗುತ್ತದೆ. ಹೊರಗೆ ತೆಗೆದಿದ್ದರೆ ನಿಮ್ಮ ಮುಖದ ಹತ್ತಿರ ಹಿತ್ತಾಳೆ ಒಡೆದು ಚೂರಾಗುತ್ತದೆ. ಮೂತಿ ಗುರಿಯ ಕಡೆ ಹಿಡಿದು, ಅಲುಗಾಡದೆ ಮೂವತ್ತು ಎಣಿಸಿ. ಬಾಯಿಬಿಟ್ಟೇ ಎಣಿಸಿ. ಆಮೇಲೆ ತೆಗೆಯಿರಿ. ಇದರ ಅಣ್ಣನಂಥ ಇನ್ನೊಂದು ಅಪಾಯ ಇದೆ. ಢಮ್ ಅನ್ನುವ ಬದಲು ಪುಸ್ ಅಂತ ಸಣ್ಣ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಪೂರ್ತಿ ಖಾಲಿ ಮಾಡಿ, ಬಿಚ್ಚಿ, ನಳಿಗೆಯಲ್ಲಿ ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿದೆ ಅಂತ ಖಾತ್ರಿ ಆಗುವ ತನಕ ಮುಂದಿನ ಈಡು ಬೇಡ.

ನಿಮ್ಮ ತೋಟೆಯ ಕೇಪಿನ ಮೇಲೆ ಬಿದ್ದ ಚಿಕ್ಕ ಚುಕ್ಕಿ ತುಂಬಾ ಹೇಳುತ್ತದೆ. ಸರಿಯಾಗಿ ಹಾರಿದ ಖಾಲಿಯ ಕೇಪಿನಲ್ಲಿ ಬಟ್ಟಲಿನ ಹಾಗೆ ಆಳವಾದ ಗುಳಿ ಇರುತ್ತದೆ. ಹಾರದ ತೋಟೆಯಲ್ಲೂ ಅಷ್ಟೇ ಆಳದ ಗುಳಿ ಇದ್ದರೆ ತಪ್ಪು ತೋಟೆಯದು. ಬರೀ ಚುಕ್ಕಿ ಇದ್ದರೆ ಕೇಪಿಗೆ ಬಡಿಯುವ ಮೊಳೆ, ಅಂದರೆ ಫೈರಿಂಗ್ ಪಿನ್, ಸರಿಯಾಗಿ ಬಡಿದಿಲ್ಲ. ಪಿನ್ ಓಡುವ ತೂತಿನಲ್ಲಿ ಪ್ಯಾಕಿಂಗ್ ಗ್ರೀಸ್ ಉಳಿದಿರಬಹುದು, ಮೇಲಿನಿಂದ ಸುರಿದ ಕೊಬ್ಬರಿ ಎಣ್ಣೆಯೂ ಅಲ್ಲಿಗೆ ಇಳಿದು ಚಳಿಗೆ ಹೆಪ್ಪುಗಟ್ಟಿರಬಹುದು. ಪಿನ್ ಆ ಕೆಸರಿನಲ್ಲಿ ತೆವಳಿಕೊಂಡು ಬಂದು ಮುಟ್ಟಿದೆ ಅಷ್ಟೇ. ಸ್ಲೈಡ್ ಕೂದಲೆಳೆಯಷ್ಟು ತೆರೆದಿದ್ದರೂ ಹೀಗೇ ಆಗಬಹುದು, ಪೆಟ್ಟಿನ ಬಲ ಸ್ಲೈಡನ್ನು ಮುಚ್ಚುವುದರಲ್ಲೇ ಹೋಗುತ್ತದೆ. ಫೈರಿಂಗ್ ಪಿನ್ ಬಿಚ್ಚುವುದು ಮನೆಯ ಕೆಲಸ ಅಲ್ಲ. ರಿಪೇರಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾಡಿಸಿ, ಅರ್ಧ ಗಂಟೆಯ ಕೆಲಸ.

ಹೊಸದು ಪಳಗಬೇಕು, ಇನ್ನೂರು ಮುನ್ನೂರು ಈಡು ಹೊಡೆಯಿರಿ ಅಂತ ಹೊರದೇಶದವರು ಹೇಳುವುದನ್ನು ನೀವು ಕೇಳಿರಬಹುದು. ನಮ್ಮ ಲೈಸೆನ್ಸಿನಲ್ಲಿ ಬರೆದಿರುವ ತೋಟೆಯ ಮಿತಿಗೆ, ತೋಟೆಯ ಬೆಲೆಗೆ ಅದು ಆಗುವ ಮಾತಲ್ಲ. ಬದಲಿಗೆ, ಎಣ್ಣೆ ಹಾಕಿದ ಮೇಲೆ ಮ್ಯಾಗಜಿನ್ ಇಲ್ಲದೆ, ಖಾಲಿ ಪಿಸ್ತೂಲಿನ ಸ್ಲೈಡನ್ನು ದಿನಾ ಐವತ್ತು ಸಲ ಎಳೆದು ಬಿಡಿ. ಮೂತಿ ಮಣ್ಣಿನ ಗೋಡೆಯ ಕಡೆ ಇರಲಿ, ತೋಟೆಗಳು ಬೇರೆ ಕೋಣೆಯಲ್ಲಿರಲಿ. ವಾರದಲ್ಲಿ ಹಳಿ ನಯವಾಗುತ್ತದೆ. ನಿಜವಾದ ತೋಟೆ ತುಂಬಿ ಮನೆಯಲ್ಲಿ ಇದನ್ನು ಮಾಡಲೇಬಾರದು. ಪರೀಕ್ಷೆಗೆ ಅಂತ ತೋಟದಲ್ಲಿ ಒಂದು ಈಡು ಹಾರಿಸಿ ನೋಡುವುದೂ ಬೇಡ, ಅಡಿಕೆ ಮರದ ಸಂದಿಯಿಂದ ಗುಂಡು ಎಲ್ಲಿಗೆ ಹೋಯಿತು ಅಂತ ಯಾರಿಗೂ ಕಾಣುವುದಿಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಎಮರಿ ಪೇಪರಿನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಸಾಗರದ ಕಡೆಯಿಂದ ಒಬ್ಬರು ಪಿಸ್ತೂಲು ತಂದರು. ತೋಟೆ ಹತ್ತುವ ಇಳಿಜಾರನ್ನು ಯಾರೋ ಕನ್ನಡಿಯ ಹಾಗೆ ಉಜ್ಜಿದ್ದರು, ನೋಡಲು ಚಂದ ಇತ್ತು. ಆದರೆ ಉಜ್ಜುತ್ತಾ ಉಜ್ಜುತ್ತಾ ಚೇಂಬರಿನ ಕೆಳತುಟಿಯೂ ಸವೆದಿತ್ತು. ಈಡು ಹಾರುವಾಗ ಖಾಲಿ ತೋಟೆಗೆ ಸುತ್ತಲೂ ಉಕ್ಕಿನ ಆಸರೆ ಬೇಕು. ಕೆಳಗೆ ಆಸರೆ ತಪ್ಪಿ, ಅವರ ಖಾಲಿಗಳೆಲ್ಲ ಒಂದು ಕಡೆ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿದ್ದವು. ಇನ್ನು ಕೆಲವು ಈಡಿಗೆ ಒಡೆಯುತ್ತಿತ್ತು. ನಳಿಗೆ ದಂಡವಾಯಿತು. ಮೂಲ ತಕರಾರು ಏನಿತ್ತು ಗೊತ್ತಾ? ಮ್ಯಾಗಜಿನ್ನಿನ ಒಂದು ತುಟಿ ಬಾಗಿತ್ತು. ನನಗೆ ಅವತ್ತು ಊಟ ರುಚಿಸಲಿಲ್ಲ. ಸ್ಪ್ರಿಂಗ್ ಕತ್ತರಿಸುವುದೂ ಹಾಗೇ. ಚಿಲಕವಿಲ್ಲದ ಪಿಸ್ತೂಲಿನಲ್ಲಿ ಆ ಸ್ಪ್ರಿಂಗ್ ಸ್ಲೈಡನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ಗಿಡ್ಡ ಮಾಡಿದರೆ ಸ್ಲೈಡ್ ಪ್ರತಿ ಸಲವೂ ಚೌಕಟ್ಟಿಗೆ ಜೋರಾಗಿ ಬಡಿದು, ಕೊನೆಗೆ ಬಿರುಕು ಬಿಡುತ್ತದೆ. ಹೀಗೆ ಕೈ ಹಾಕಿದ ಮೇಲೆ ಕಂಪನಿಯ ಗ್ಯಾರಂಟಿಯನ್ನೂ ಕೇಳುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ದುರಸ್ತಿ ಮಾಡಲೂ ಲೈಸೆನ್ಸ್ ಬೇಕು, ಊರಿನ ವೆಲ್ಡಿಂಗ್ ಶಾಪಿಗೆ ಕೊಡುವ ಹಾಗಿಲ್ಲ.

ಚೊಕ್ಕ ಮಾಡಿ, ಬೇರೆ ಬ್ಯಾಚಿನ ಹೊಸ ತೋಟೆಯಲ್ಲಿ, ಎರಡೂ ಮ್ಯಾಗಜಿನ್‌ನಲ್ಲಿ, ಇಬ್ಬರ ಕೈಯಲ್ಲಿ ನೋಡಿದ ಮೇಲೂ ಅದೇ ತಕರಾರು ಬಂದರೆ ಆಗ ಪಿಸ್ತೂಲಿನದೇ ದೋಷ. ಕೊಕ್ಕೆಯ ಸ್ಪ್ರಿಂಗ್ ಸಡಿಲ ಇರಬಹುದು, ಚೇಂಬರ್ ಒರಟಾಗಿರಬಹುದು. ಖಾಲಿಗಳ ಮೈಯಲ್ಲಿ ಉದ್ದ ಗೀರು ಬಿದ್ದಿದ್ದರೆ, ಬುಡದ ಅಂಚು ಹರಿದಿದ್ದರೆ ಆರೇಳು ಖಾಲಿ ಎತ್ತಿಟ್ಟುಕೊಳ್ಳಿ. ನೋಟುಬುಕ್, ಫೋಟೋ, ಬಿಲ್, ಲೈಸೆನ್ಸ್ ಎಲ್ಲಾ ತಗೊಂಡು ಕೊಂಡ ಅಂಗಡಿಗೆ ನೀವೇ ಹೋಗಿ. ಅಡಿಕೆ ಸ್ಯಾಂಪಲ್ ಕಳಿಸಿದ ಹಾಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುವ ವಸ್ತು ಅಲ್ಲ ಇದು. ಒಪ್ಪಿಸುವಾಗ ಪಿಸ್ತೂಲಿನ ನಂಬರ್ ಬರೆದ ರಶೀದಿ ಇಲ್ಲದೆ ಅಲ್ಲಿಂದ ಏಳಬೇಡಿ. ಇಷ್ಟು ಸಾಕ್ಷಿ ಮುಂದಿಟ್ಟರೆ ಬದಲಾಯಿಸಿ ಕೊಡಿ ಅಂತ ಗಟ್ಟಿಯಾಗಿ ಕೇಳುವ ಹಕ್ಕು ನಿಮಗಿದೆ.

ಜೂನ್ ಬರುವ ಮೊದಲು ಇನ್ನೊಂದು ಕೆಲಸ. ಚರ್ಮದ ಚೀಲದಲ್ಲಿ ಪಿಸ್ತೂಲು ಇಟ್ಟಿದ್ದರೆ ತೆಗೆದುಬಿಡಿ. ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಕುಡಿದು, ಹದ ಮಾಡಿದ ಹುಳಿಯನ್ನೂ ಸೇರಿಸಿ ಕಬ್ಬಿಣಕ್ಕೆ ತಿನ್ನಿಸುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ, ಎಣ್ಣೆಯ ಕೈ ಆಡಿಸಿ.

ಜೇಬಿನಲ್ಲಿ ಮನೆಗೆ ತಂದ ಆ ತೋಟೆ ಈಗಲೂ ಸಜೀವ ತೋಟೆಯೇ, ಲೆಕ್ಕಕ್ಕೂ ಅಪಾಯಕ್ಕೂ. ಬೇರೆ ತೋಟೆಗಳ ಜೊತೆ ಸೇರಿಸಬೇಡಿ, ಮತ್ತೆ ಹಾಕಿ ಹೊಡೆಯಲೂಬೇಡಿ. ಕೇಪಿನ ಚುಕ್ಕಿ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ತೆಗೆದು ನನಗೆ ಕಳಿಸಿ, ಪಕ್ಕದಲ್ಲಿ ಸರಿಯಾಗಿ ಹಾರಿದ ಒಂದು ಖಾಲಿಯನ್ನೂ ಇಡಿ. ಆಮೇಲೆ ತೋಟೆಯನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ, ಹಾರದ ತೋಟೆ ಅಂತ ಚೀಟಿ ಅಂಟಿಸಿ, ಪಿಸ್ತೂಲು ಕ್ಲೀನ್ ಮಾಡಿಸಲು ಹೋಗುವ ದಿನ ಅಂಗಡಿಯವರಿಗೆ ಒಪ್ಪಿಸಿ.